ಬ್ಯಾಟರಿಗೆ ಹಚ್ಚಿದ ವಿಭೂತಿ

ಬೇಗಂ ಬಜಾರದಲ್ಲಿ ಸೂರ್ಯನೂ ಸೀನುತ್ತಲೇ ಏಳುತ್ತಾನೆ ಎಂದು ಅಮರೇಶಪ್ಪ ಬಂದವರಿಗೆಲ್ಲ ಹೇಳುವುದಿತ್ತು. ತೆಲುಗು ಸೀಮೆಯ ಮಹಾನಗರದೊಳಗಿನ, ಒಣಮೆಣಸಿನಕಾಯಿ ಚೀಲಗಳ ಆ ಓಣಿಗೆ ಅವನ ಅಪ್ಪ ಲಿಂಗಸುಗೂರಿನ ಕಡೆಯಿಂದ ಬಂದು ಕಿರಾಣಿ ಅಂಗಡಿ ಹಾಕಿದ್ದ. ಈಗ ಅದೇ ಅಂಗಡಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿಗೆ ಹೆಸರಾಗಿತ್ತು. ಒಳಗಿನ ಅಂಗಳದಲ್ಲಿ ಅವನ ಹೆಂಡತಿ ಸಾವಿತ್ರಿಬಾಯಿ ನಾಲ್ಕಾರು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ರೊಟ್ಟಿ ತಟ್ಟಿಸುತ್ತಿದ್ದಳು. ಹೊರಗೆ ಅಮರೇಶಪ್ಪ ಎಣಿಸಿ ಕಟ್ಟುತ್ತಿದ್ದ. ಕಟ್ಟಿದ್ದನ್ನೆಲ್ಲ ಒಂದು ಸಣ್ಣ ಡೀಸೆಲ್ ಟೆಂಪೊ ಹೊತ್ತುಕೊಂಡು ಕೊಂಡಾಪುರದ ಎತ್ತರೆತ್ತರದ ಅಪಾರ್ಟ್‌ಮೆಂಟುಗಳಿಗೆ ಮುಟ್ಟಿಸಿ ಬರುತ್ತಿತ್ತು. ಅಲ್ಲಿರುವ ನಮ್ಮ ಕಡೆಯ ಹುಡುಗರಿಗೆ ಆ ಟೆಂಪೊ ಬಂತೆಂದರೆ ತವರಿನಿಂದ ಯಾರೋ ಬಂದಂತೆ.

ಅಂಥ ಟೆಂಪೊಕ್ಕೆ ಡ್ರೈವರ್ ಇಲ್ಲದಂತಾಯಿತು. ಇದ್ದವನು ದಸರೆಗೆ ಮುಂಚೆ ಊರಿಗೆ ಹೋದ, ಹೊಲ ನೋಡಿಕೊಂಡು ಅಲ್ಲೇ ಇರುತ್ತೇನೆಂದು ಫೋನ್ ಮಾಡಿದ. ಎದುರಿನ ಅಂಗಡಿಯ ಚಂದ್ರಕಾಂತ ಕೂಡಲೇ ತನ್ನ ಹೆಂಡತಿಯ ತಮ್ಮ ಉಪೇಂದ್ರನ ಹೆಸರು ಹೇಳಿದ. ಹುಡುಗ ಒಳ್ಳೆಯವನೇ, ಕೈ ಚೊಕ್ಕ, ಬಾಯಿ ಕಡಿಮೆ. ಆದರೆ ಅದೇ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಸೊಸೆ ಸಪ್ನಾ ಮಾವನ ಗಂಗಾಳಕ್ಕೆ ಪಲ್ಯ ಹಾಕುತ್ತ, ಉಪ್ಪು ಬೇಕೇನ್ರಿ ಅಂತ ಕೇಳುವಷ್ಟೇ ಸಲೀಸಾಗಿ ಹೇಳಿದಳು.

“ಮಾವಾರ, ಗಾಡಿ ನಾ ಹೊಡೀತೀನ್ರಿ.”

ಅಮರೇಶಪ್ಪ ತುತ್ತು ಕೈಯಲ್ಲೇ ಹಿಡಿದು ಕೂತ.

ಅವಳಿಗೆ ಬರುವುದಿಲ್ಲ ಎನ್ನುವ ಹಾಗಿರಲಿಲ್ಲ. ಶಹಾಪುರದ ಬಸ್ ಡಿಪೋದಲ್ಲಿ ಅವಳಪ್ಪ ಕೆಲಸಕ್ಕಿದ್ದ. ಗಾಡಿಗಳ ನಡುವೆಯೇ ಆಡಿ ಬೆಳೆದವಳು ಸಪ್ನಾ. ಬಾಡಿಗೆ ಗಾಡಿ ನಡೆಸುವ ಲೈಸೆನ್ಸೂ ಇತ್ತು. ಮೆಟ್ರೊ ಕೆಲಸದಲ್ಲಿದ್ದ ಮಗ ಚೇತನಕುಮಾರನನ್ನು ಕೇಳಿದರೆ ಅವನು, “ಆಕಿ ಸ್ಕೂಟರ್ ಹೊಡದ್ರ ಹಿಂದ ಕುಂತ ನನಗ ನಿದ್ದಿನ ಬರತೈತಪ್ಪ, ಇನ್ನೇನ ಹೇಳ್ಲಿ,” ಎಂದು ಡ್ಯೂಟಿಗೆ ಹೊರಟುಹೋದ. ಆದರೂ ಅಮರೇಶಪ್ಪನ ಎದೆಯೊಳಗೆ ಒಂದು ಅಂಜಿಕೆ ಅಡ್ಡ ಮಲಗಿತ್ತು. ಬೇಗಂ ಬಜಾರದ ಓಣಿಗಳಲ್ಲಿ ಹಮಾಲರ ಕೈಗಾಡಿ, ಎತ್ತು, ಆಟೊ, ಬಯ್ಗುಳ, ಎಲ್ಲವೂ ಒಂದಕ್ಕೊಂದು ಒರಸಿಕೊಂಡೇ ಹೋಗುತ್ತವೆ. ಅದರೊಳಗೆ ಮನೆಯ ಸೊಸೆ ಸರಕಿನ ಗಾಡಿ ನಡೆಸುವುದೆಂದರೆ ಹೇಗೆ. ಬೇಡ ಎಂದರೆ ಅವಳ ಮುಖ ನೋಡಲಾಗದು. ಹೂಂ ಎಂದರೆ ರಾತ್ರಿ ನಿದ್ದೆ ಬಾರದು. ಕೊನೆಗೆ ಅವನು ಎಂದಿನಂತೆ ತನ್ನ ಶಿವನ ಕಡೆ ಹೊರಳಿದ.

“ನೋಡವ್ವ ಸಪ್ನಾ,” ಎಂದ ಮರುದಿನ. “ನವಮಿಗೆ ಗಾಡಿ ಪೂಜಿ ಮಾಡ್ತೀನಿ. ದಶಮಿ ಮುಂಜಾನೆ ನೀ ಕೀಲಿ ತಿರುವು. ಯಾರೂ ನೂಕಬಾರದು. ಗಾಡಿ ತನ್ನಷ್ಟಕ್ಕ ತಾನ ಚಾಲೂ ಆತಂದ್ರ ಶಿವನ ಅಪ್ಪಣಿ ಆತಂತ ತಿಳೀತೀನಿ, ಗಾಡಿ ನಿಂದು. ಆಗಲಿಲ್ಲಂದ್ರ ಉಪೇಂದ್ರಗ. ಆಮ್ಯಾಲ ನೀನೂ ಕೇಳಬಾರದು, ನಾನೂ ಕೇಳಬಾರದು.”

“ಆತ್ರಿ,” ಎಂದಳು ಸಪ್ನಾ. ಸಾವಿತ್ರಿಬಾಯಿ ಹಿಟ್ಟು ನಾದುತ್ತಿದ್ದವಳು ತಲೆ ಎತ್ತದೆ, “ಶಿವಗ ಡ್ರೈವರ್ ಆರಿಸೋ ಕೆಲಸಾನೂ ಹಚ್ಚಿದ್ರಿ. ಪಗಾರ ಏನ ಕೊಡ್ತೀರಿ ಅವಗ?” ಎಂದಳು. ಅಂಗಳದ ಹೆಣ್ಣುಮಕ್ಕಳೆಲ್ಲ ಸೆರಗಿನೊಳಗೆ ನಕ್ಕರು.

ನವಮಿಯ ದಿನ ಆ ಮನೆಯಲ್ಲಿ ಕೆಲಸ ಮಾಡುವ ವಸ್ತುಗಳಿಗೆಲ್ಲ ಸ್ನಾನ. ತಕ್ಕಡಿ, ಹಂಚು, ಹಿಟ್ಟು ನಾದುವ ಕೊಣಮಿಗೆ, ಈಳಿಗೆ, ಬೀಸುವ ಕಲ್ಲು, ಎಲ್ಲವೂ ತೊಳೆಸಿಕೊಂಡು ವಿಭೂತಿ ಹಚ್ಚಿಸಿಕೊಂಡು ಸಾಲಾಗಿ ಕೂಡುತ್ತವೆ. ಅಂದು ಯಾವ ವಸ್ತುವಿಗೂ ಕೆಲಸ ಹೇಳುವುದಿಲ್ಲ. ಪ್ರತಿ ವರ್ಷ ಟೆಂಪೊದ ಮೂತಿಗೆ, ಸ್ಟೇರಿಂಗಿಗೆ ಮೂರು ಬೆರಳು ವಿಭೂತಿ ಎಳೆದು, ಚೆಂಡುಹೂವಿನ ಸರ ಹಾಕಿದರೆ ಮುಗಿಯಿತು. ಈ ಸಲ ಹಾಗಲ್ಲ. ದೇವರ ಮುಂದೆ ಇಷ್ಟು ದೊಡ್ಡ ಮಾತು ಇಟ್ಟಮೇಲೆ ಮೇಲೆಮೇಲೆ ಪೂಜೆ ಮಾಡಿದರೆ ನಡೆಯುತ್ತದೆಯೆ. ಗಾಡಿಯ ಜೀವ ಎಲ್ಲಿರುತ್ತದೋ ಅಲ್ಲಿಗೇ ಕೈ ಮುಟ್ಟಬೇಕು ಎಂದುಕೊಂಡ ಅಮರೇಶಪ್ಪ, ಎಲ್ಲರೂ ಊಟ ಮುಗಿಸಿ ಅಡ್ಡಾದ ಹೊತ್ತಿನಲ್ಲಿ ಒಬ್ಬನೇ ನಟ್ಟು ಬಿಚ್ಚುವ ಪಾನಾ ಹಿಡಿದು ಟೆಂಪೊದ ಮಗ್ಗುಲಿಗೆ ಕೂತ. ಅಲ್ಲಿದ್ದ ಡಬ್ಬಿಯ ಮುಚ್ಚಳ ತೆಗೆದ. ಒಳಗೆ ಬ್ಯಾಟರಿ. ಅದರ ನೆತ್ತಿಯ ಮೇಲೆ ಎರಡು ಸೀಸದ ಗೂಟ, ಗೂಟಕ್ಕೆ ಬಳೆಯ ಹಾಗೆ ಸುತ್ತಿಕೊಂಡ ಎರಡು ಹಿಡಿಕೆ, ಹಿಡಿಕೆಯಿಂದ ಹೊರಟ ದಪ್ಪ ವಾಯರು. ಬಳೆಗಳ ಸುತ್ತ ಹಸಿರುಬಿಳಿ ಉಪ್ಪು ಬೆಳೆದಿತ್ತು. ಅವನು ಬಳೆ ಬಿಚ್ಚಿ, ಒದ್ದೆ ಬಟ್ಟೆಯಿಂದ ಎಲ್ಲ ಒರೆಸಿ, ಒಣಗಿಸಿದ. ತೊಳೆದ ಗೂಟಗಳು ಅವನ ಕಣ್ಣಿಗೆ ಎರಡು ಪುಟ್ಟ ಲಿಂಗಗಳ ಹಾಗೆ ಕಂಡವು. ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು, ಗೂಟಗಳ ಸುತ್ತ ದಪ್ಪನಾಗಿ ಮೂರು ಗೆರೆ ಎಳೆದ. ಅದು ಒಣಗುವ ತನಕ ಕಣ್ಣು ಮುಚ್ಚಿ ಜಪ ಮಾಡಿದ. ಆಮೇಲೆ ಬಳೆಗಳನ್ನು ಮತ್ತೆ ತೊಡಿಸಿ, ವಿಭೂತಿ ಅಳಿಸಬಾರದೆಂದು ಹಗುರವಾಗಿ, ಕೂಸಿಗೆ ಅಂಗಿ ಗುಂಡಿ ಹಾಕುವಷ್ಟು ಹಗುರವಾಗಿ ಬಿಗಿದ. ಮುಚ್ಚಳದ ಮೇಲೆ ಒಂದು ಹೂವಿಟ್ಟ. ಯಾರಿಗೂ ಹೇಳಲಿಲ್ಲ. ಭಕ್ತಿಯನ್ನು ಹೇಳಿಕೊಂಡು ತಿರುಗುವುದು ಅವನಿಗೆ ಸೇರುತ್ತಿರಲಿಲ್ಲ.

ದಶಮಿ ಬಂತು. ಓಣಿಯ ಬಾಗಿಲುಗಳಿಗೆಲ್ಲ ಮಾವಿನೆಲೆ, ಗಾಲಿಗಳ ಕೆಳಗೆ ನಿಂಬೆಹಣ್ಣು. ಕೊಂಡಾಪುರದಲ್ಲಿ ಕನ್ನಡದ ಕುಟುಂಬಗಳು ಬನ್ನಿ ಕೊಟ್ಟು ಕೂಡಿ ಉಣ್ಣುವ ದಿನ; ಅದಕ್ಕೆ ರೊಟ್ಟಿಯ ಬುಟ್ಟಿಗಳು ಮುಂಜಾನೆಯೇ ಟೆಂಪೊ ಏರಿದ್ದವು. ಚಂದ್ರಕಾಂತ ಬನ್ನಿ ಎಲೆ ಹಿಡಿದು ಬಂದು, ಅಮರೇಶಪ್ಪನ ಕೈಗಿತ್ತು ಶರಣೆಂದು, ಏನಾಗುತ್ತದೋ ನೋಡಿಯೇ ಹೋಗೋಣವೆಂದು ಕಟ್ಟೆಯ ಮೇಲೆ ಕೂತ.

ಸಪ್ನಾ ಸೀರೆಯ ಸೆರಗು ಸಿಕ್ಕಿಸಿ ಡ್ರೈವರ್ ಸೀಟಿಗೆ ಏರಿದಳು. ಸ್ಟೇರಿಂಗಿಗೆ ಹಣೆ ಮುಟ್ಟಿಸಿದಳು. ಕೀಲಿ ತಿರುವಿದಳು. ಮುಂದಿನ ಪುಟ್ಟ ದೀಪಗಳು ಹೊತ್ತಿದವು. ಇನ್ನಷ್ಟು ತಿರುವಿದಳು.

ಕಟ್.

ದೀಪಗಳು ಮಂಕಾದವು, ಅಷ್ಟೆ. ಮತ್ತೆ ತಿರುವಿದಳು. ಕಟ್ ಕಟ್ ಕಟ್. ಇಂಜಿನ್ ಮಾತ್ರ ಮಲಗಿದ ಎಮ್ಮೆಯ ಹಾಗೆ ಮಗ್ಗುಲು ಬದಲಿಸಲಿಲ್ಲ.

ತಾನು ಬೇಡಿದ್ದಕ್ಕೆ ಉತ್ತರ ಬಂತಲ್ಲ, ಅಮರೇಶಪ್ಪನಿಗೆ ಹಗುರವಾಗಬೇಕಿತ್ತು, ಆಗಲಿಲ್ಲ. ಸೊಸೆಯ ಮುಖವನ್ನು ನೋಡದೆ ಅವನು ಗಾಲಿಯ ಕೆಳಗಿನ ನಿಂಬೆಹಣ್ಣನ್ನು ನೋಡುತ್ತ ನಿಂತ.

“ಚಾಲೂ ಆಗವಲ್ದು,” ಎಂದ ಚಂದ್ರಕಾಂತ, ಎಲ್ಲರಿಗೂ ಕಂಡದ್ದನ್ನೇ. “ನಾಕ ಮಂದಿ ನೂಕಿದ್ರ ಹೊಂಟ್ ಹೋಗತೈತಿ. ಆದ್ರ ನೂಕಬಾರದಂತ ನೀವ ಮಾತ ಇಟ್ಟೀರಿ. ಉಪೇಂದ್ರಗ ಫೋನ್ ಹಚ್ಚಲೇನ್ರಿ ಶಾವುಕಾರ್ರ?”

ಸಪ್ನಾ ಕೆಳಗಿಳಿದಳು. ಮುಖ ಸಣ್ಣದಾಗಿರಲಿಲ್ಲ. ಅಡುಗೆಮನೆಯಲ್ಲಿ ಯಾವ ಪಾತ್ರೆ ಎಲ್ಲಿದೆ ಎಂದು ಗೊತ್ತಿರುವ ಹೆಣ್ಣುಮಗಳು ಕತ್ತಲಲ್ಲಿ ಕೈಯಾಡಿಸುತ್ತಾಳಲ್ಲ, ಅಂಥ ನಿಶ್ಚಿಂತೆ ಅವಳಲ್ಲಿತ್ತು.

“ಮಾಮಾರ, ಒಂದೀಟ ತಡೀರಿ,” ಎಂದಳು ಚಂದ್ರಕಾಂತನಿಗೆ. ಅಮರೇಶಪ್ಪನ ಕಡೆ ತಿರುಗಿ, “ಮಾವಾರ, ನೂಕಬ್ಯಾಡ ಅಂದೀರಿ, ನಾನೂ ಬ್ಯಾಡಂತೀನಿ. ನೂಕಿದ್ರ ಗಾಡಿ ಹೊಂಡತೈತಿ, ಬ್ಯಾನಿ ಹಂಗ ಉಳೀತೈತಿ. ಆದ್ರ ಏನಾಗೇತಿ ನೋಡಬ್ಯಾಡ ಅಂತ ನೀವು ಅಂದಿಲ್ಲ. ನೋಡಲೇನ್ರಿ?”

ಅದಕ್ಕೆ ಇಲ್ಲವೆನ್ನಲು ಅಮರೇಶಪ್ಪನಿಗೆ ಕಾರಣ ಸಿಗಲಿಲ್ಲ. “ನೋಡವ್ವ,” ಎಂದ.

“ಅತ್ತಿ, ನೀವು ಮ್ಯಾಲ ಕೂಡ್ರಿ. ನಾ ಹೇಳಿದಾಗ ಕೀಲಿ ತಿರುವ್ರಿ.”

ಸಾವಿತ್ರಿಬಾಯಿ ಹಿಟ್ಟಿನ ಕೈ ಒರೆಸಿಕೊಂಡು ಸೀಟು ಹತ್ತಿದಳು. “ಹಂಗಾರ ಗಾಡಿ ಚಾಲೂ ಆದ್ರ ನಂದ ನೋಡು,” ಎಂದಳು.

ಸಪ್ನಾ ಮೊದಲು ಹೆಡ್‌ಲೈಟ್ ಹಚ್ಚಿಸಿದಳು. ಎದುರಿನ ಗೋಡೆ ಬೆಳಗಿತು. ಹಾರ್ನ್ ಹೊಡೆಸಿದಳು. ಓಣಿಯ ನಾಯಿ ಎದ್ದು ಓಡಿತು. ಆಮೇಲೆ ದೀಪ ಹಚ್ಚಿಟ್ಟೇ ಕೀಲಿ ತಿರುವಿಸಿದಳು. ಕಟ್ ಎಂದಿತು, ಗೋಡೆಯ ಮೇಲಿನ ಬೆಳಕು ಕುಗ್ಗಿತು. ಕೀಲಿ ಬಿಟ್ಟೊಡನೆ ಮತ್ತೆ ಬೆಳಗಿತು.

“ನೋಡ್ರಿ ಮಾವಾರ,” ಎಂದು ಅವಳು ಮಣ್ಣಿನ ಮೇಲೆ ಕಡ್ಡಿಯಿಂದ ಗೆರೆ ಎಳೆಯುತ್ತ ಕುಕ್ಕರಗಾಲಲ್ಲಿ ಕೂತಳು. ಅಮರೇಶಪ್ಪನೂ ಪಕ್ಕದಲ್ಲಿ ಕೂತ. “ಇಂಜಿನ್ ತಾನಾಗಿ ಏಳಂಗಿಲ್ಲ. ಯಾರರ ಒಬ್ರು ಅದನ್ನ ಮೊದಲ ತಿರುವಿ ಕೊಡಬೇಕು. ನಮ್ಮ ಬೀಸೂಕಲ್ಲು ಇಲ್ಲೇನ್ರಿ, ಅದರ ಹಂಗ.”

“ಮೊದಲನೇ ಸುತ್ತಿಗಿ ರಟ್ಟಿ ಬೀಳತಾವು,” ಎಂದಳು ಸೀಟಿನ ಮೇಲಿಂದ ಸಾವಿತ್ರಿಬಾಯಿ. “ಆಮ್ಯಾಲ ಹಾಡು ಹೇಳಕೋಂತ ಬೀಸಬಹುದು.”

“ಹೌದ್ರಿ ಅತ್ತಿ. ಆ ಮೊದಲನೇ ಸುತ್ತಿಗಿ ರಟ್ಟಿ ಆಗೋದು ಸೆಲ್ಫ್ ಅಂಬೋ ಮೋಟರು. ಬ್ಯಾಟರಿಯಿಂದ ದಪ್ಪ ವಾಯರಿನಾಗ ಕರೆಂಟು ಬಂದು ಅದನ್ನ ತಿರುವತೈತಿ, ಅದು ಇಂಜಿನ್ನಿನ ದೊಡ್ಡ ಗಾಲಿ ತಿರುವತೈತಿ. ಆದ್ರ ಅಷ್ಟ ಕರೆಂಟು ಈ ಸಣ್ಣ ಕೀಲಿಯಿಂದ ಹೋದ್ರ ಕೀಲಿ ಸುಟ್ಟ ಹೋಗತೈತಿ. ಅದಕ್ಕ ಕೀಲಿ ಏನ ಮಾಡತೈತಿ ಅಂದ್ರ, ಒಂದ ಸಣ್ಣ ಕರೆಂಟು ಕಳಿಸಿ ಸೆಲ್ಫಿನ ನೆತ್ತಿ ಮ್ಯಾಲಿನ ಒಂದು ಡಬ್ಬಿಗೆ ಹೇಳತೈತಿ, ಏಳು ಅಂತ. ಆ ಡಬ್ಬಿಯೊಳಗ ಒಂದು ಕಬ್ಬಿಣದ ಗುಂಡ ಐತಿ. ಅದು ಜಿಗದು ಎರಡ ಕೆಲಸ ಮಾಡತೈತಿ. ಸೆಲ್ಫಿನ ಹಲ್ಲಿನ ಗಾಲಿನ್ನ ಮುಂದ ನೂಕಿ ದೊಡ್ಡ ಗಾಲಿ ಹಲ್ಲಿಗೆ ಕೂಡಸತೈತಿ. ಅದರ ಜೋಡಿನ ದಪ್ಪ ವಾಯರಿನ ಬಾಗಲಾ ತಗೀತೈತಿ. ಈಗ ಕಟ್ ಅಂತಲ್ಲರಿ, ಅದು ಆ ಗುಂಡ ಜಿಗದ ಸಪ್ಪಳ.”

ಅಮರೇಶಪ್ಪ ಗೆರೆಗಳನ್ನು ನೋಡಿದ. ಅವನಿಗೆ ಊರಿನ ತಳವಾರ ನೆನಪಾದ. ಗೌಡರು ಮೆಲ್ಲಗೆ ಒಂದು ಮಾತು ಹೇಳಿದರೆ ಅವನು ಡಂಗುರ ಹೊಡೆದು ಇಡೀ ಊರನ್ನೇ ಕೂಡಿಸುತ್ತಿದ್ದ.

“ಅಂದ್ರ ಹೇಳೋದು ಹೇಳಿ ಆತು, ತಳವಾರ ಎದ್ದಾನ, ಡಂಗುರಾನೂ ಹೊಡದಾನ. ಮಂದಿ ಬಂದಿಲ್ಲ,” ಎಂದ.

“ಸರೀ ಹೇಳಿದ್ರಿ ಮಾವಾರ. ಮಂದಿ ಬ್ಯಾಟರಿಯಾಗ ಅದಾರೋ ಇಲ್ಲೋ, ಇಲ್ಲಾ ಬರೋ ದಾರಿನ ಇಕ್ಕಟ್ಟ ಆಗೇತೋ, ಅಷ್ಟ ನೋಡಬೇಕು. ದೀಪಕ್ಕ ಒಂದು ಚಮಚಾ ಕರೆಂಟು ಸಾಕು. ಸೆಲ್ಫಿಗೆ ಕೊಡಪಾನ ಒಮ್ಮಿಗೇ ಸುರೀಬೇಕು. ಚಮಚಾ ಬರಾಕತ್ತೈತಿ, ಕೊಡಪಾನ ಬರವಲ್ದು.”

“ಕೊಡಪಾನ ತುಂಬೇತಿ,” ಎಂದಳು ಸಾವಿತ್ರಿಬಾಯಿ ತಡಮಾಡದೆ. “ನಿನ್ನಿ ಮುಂಜಾನೆ ತೊಳ್ಯಾಕ ಗಾಡಿ ಹೊರಗ ತಂದಾಗ ಬೆರಳ ಮುಟ್ಟಿಸಿದ್ರ ಸಾಕು, ಗುರ್ರ್ ಅಂತಿತ್ತು. ನೀನ ತಂದಿ ಅಲ್ಲ?”

“ನಾನರಿ. ಅಂದ್ರ ಬಾಯಿ ಇಕ್ಕಟ್ಟಾಗೇತಿ. ಇನ್ನ ಎರಡ ಮೂರು ಸಲ ತಿರುವ್ರಿ ಅತ್ತಿ.”

ಸಾವಿತ್ರಿಬಾಯಿ ತಿರುವಿದಳು. ಕಟ್ ಕಟ್. ಸಪ್ನಾ ಎದ್ದು ಹೋಗಿ ಮಗ್ಗುಲ ಡಬ್ಬಿಯ ಮುಚ್ಚಳದ ಮೇಲಿನ ಹೂವನ್ನು ಕಣ್ಣಿಗೊತ್ತಿ ಬದಿಗಿಟ್ಟಳು. ಮುಚ್ಚಳ ತೆಗೆದು ಬಳೆಗಳ ಮೇಲೆ ಬೆರಳಿಟ್ಟಳು. “ಮಾವಾರ, ಇಲ್ಲಿ ಕೈ ಇಡ್ರಿ,” ಎಂದಳು.

ಅಮರೇಶಪ್ಪ ಇಟ್ಟ. ಹಂಚಿನಿಂದ ತೆಗೆದು ತುಸು ಹೊತ್ತಾದ ರೊಟ್ಟಿಯಷ್ಟು ಬಿಸಿ.

“ದಪ್ಪ ಕರೆಂಟು ಸಣ್ಣ ಸಂದಿಯಾಗ ತೂರಾಕ ಹೋಗಿ ತಿಕ್ಕಾಡತೈತಿ. ತಿಕ್ಕಾಡಿದಲ್ಲೇ ಬಿಸಿ,” ಎಂದಳು. ಬಳೆಯನ್ನು ಎರಡು ಬೆರಳಲ್ಲಿ ಹಿಡಿದು ಅಲುಗಿಸಿದಳು. ಅದು ಸಡಿಲ ಹಲ್ಲಿನಂತೆ ಅಲುಗಿತು. “ಇದನ್ನ ಯಾರರ ಬಿಚ್ಚಿದ್ರೇನ್ರಿ?”

ಬಳೆಯ ಅಂಚಿನಲ್ಲಿ ಕೂದಲಿನಷ್ಟು ತೆಳ್ಳಗೆ ಬಿಳಿ ಗೆರೆ ಇಣುಕುತ್ತಿತ್ತು. ಅದನ್ನು ಅಮರೇಶಪ್ಪ ಒಬ್ಬನೇ ಗುರುತಿಸಿದ.

ಅವನು ಕೈ ತೆಗೆಯಲಿಲ್ಲ. ಯಾರಿಗೂ ಗೊತ್ತಿಲ್ಲ. ಊಹೂಂ ಎಂದು ಎದ್ದರೆ ಸಾಕು, ಉತ್ತರ ಬಂದೇ ಬಿಟ್ಟಿದೆ. ಉಪೇಂದ್ರ ಬರುತ್ತಾನೆ, ಸಪ್ನಾ ರೊಟ್ಟಿ ಕಟ್ಟುತ್ತಾಳೆ, ತನಗೆ ರಾತ್ರಿ ನಿದ್ದೆ ಹತ್ತುತ್ತದೆ. ಹಾಗೆ ಎಣಿಸಿದ ಗಳಿಗೆಯಲ್ಲೇ ಅವನಿಗೆ ತನ್ನ ಮೇಲೆ ನಗು ಬಂತು. ಪೂಜೆ ಮಾಡಿದ್ದನ್ನು ಮುಚ್ಚಿಡುವ ಭಕ್ತ ಎಂಥವನು?

“ನಾನ ಬಿಚ್ಚಿದ್ದೆ,” ಎಂದ. “ನಿನ್ನಿ. ತೊಳದು, ಗೂಟಕ್ಕ ವಿಭೂತಿ ಹಚ್ಚಿ, ಅದರ ಮ್ಯಾಲ ಹಾಕಿದೆ. ಅಳಸಬಾರದಂತ ಹಗೂರಕ ಬಿಗದೆ.”

ಸಾವಿತ್ರಿಬಾಯಿ ಸೀಟಿನ ಮೇಲೆ ಬಾಯಿಗೆ ಸೆರಗು ಒತ್ತಿಕೊಂಡಳು. ಚಂದ್ರಕಾಂತ ಮಾತ್ರ ಗಂಭೀರವಾಗಿ ಕಟ್ಟೆಯಿಂದ ಇಳಿದು ಬಂದ. ಪುರಾಣ ಕೇಳಿ ಕೇಳಿ ಅವನಿಗೆ ವಾದ ಹೂಡುವುದು ಚೆನ್ನಾಗಿ ಬರುತ್ತಿತ್ತು.

“ಅಲ್ರಿ ಶಾವುಕಾರ್ರ, ಸಿಟ್ಟಿಗೇಳಬ್ಯಾಡ್ರಿ, ಒಂದ ಮಾತು. ಶಿವನ ಕೇಳಿದ್ರಿ, ಶಿವನ ವಿಭೂತೀನ ಅಡ್ಡ ಬಂತು. ಇದಕ್ಕಿಂತ ಚೊಲೊ ಉತ್ತರ ಇನ್ನೇನ ಬೇಕು? ಬ್ಯಾಡ ಅಂದಾನ ಅವ.”

ಮಾತು ತೂಕದ್ದೇ ಆಗಿತ್ತು. ಪಾನಾ ಸಪ್ನಾಳ ಕೈಯಲ್ಲಿತ್ತು, ಆದರೆ ಮಾವ ಹಚ್ಚಿದ ವಿಭೂತಿಗೆ ಅವಳು ಕೈ ಹಚ್ಚಲಿಲ್ಲ.

ಅಮರೇಶಪ್ಪ ಬಹಳ ಹೊತ್ತು ಬ್ಯಾಟರಿಯನ್ನು ನೋಡಿದ. ದಿನಾ ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟು ಕೂಡುವ ಮನುಷ್ಯ ಅವನು. ಸುಮ್ಮನೆ ನೋಡುತ್ತ ಕೂಡುವುದು ಅವನಿಗೆ ಹೊಸದಲ್ಲ. ನೋಡುತ್ತ ನೋಡುತ್ತ ಅವನಿಗೆ ತಿಳಿಯಿತು. ಶಿವನನ್ನು ತಾನು ಏನೂ ಕೇಳಿರಲಿಲ್ಲ. ತನಗೆ ಹೂಂ ಎನ್ನುವ ಧೈರ್ಯವೂ ಇರಲಿಲ್ಲ, ಊಹೂಂ ಎನ್ನುವ ಧೈರ್ಯವೂ ಇರಲಿಲ್ಲ. ಎರಡನ್ನೂ ಗಂಟು ಕಟ್ಟಿ ಶಿವನ ಹೆಗಲಿಗೆ ಏರಿಸಿ ಕೈ ತೊಳೆದುಕೊಂಡಿದ್ದ. ದೇವರು ಪಾಪ, ಬೇಡವೆನ್ನದೆ ಹೊತ್ತಿದ್ದ.

“ಚಂದ್ರಕಾಂತ,” ಎಂದ ಮೆಲ್ಲಗೆ, “ವಿಭೂತಿ ಅವನದು ಖರೆ. ಹಚ್ಚಿದ ಕೈ ನಂದು, ಜಾಗಾ ಆರಿಸಿದಾಂವ ನಾನು. ನಾ ಮಾಡಿದ್ದಕ್ಕ ಅವನ ಹೆಸರ ಹೇಳಬಾರದು.” ಆಮೇಲೆ ಸೊಸೆಯ ಕಡೆ ನೋಡಿದ. ಅವತ್ತು ಮುಂಜಾನೆಯಿಂದ ಅವನು ಅವಳ ಮುಖ ನೇರ ನೋಡಿದ್ದು ಅದೇ ಮೊದಲು. “ಸಪ್ನಾ, ಗಾಡಿ ನಿಂದು. ಈಗ ಚಾಲೂ ಆಗಲಿ, ಬಿಡಲಿ. ಇದು ಶಿವನ ಮಾತಲ್ಲವ್ವ, ನನ್ನ ಮಾತು.”

“ಚಾಲೂ ಆಗತೈತ್ರಿ ಮಾವಾರ,” ಎಂದಳು ಅವಳು. ಕಣ್ಣು ಒದ್ದೆಯಾಗಿದ್ದವು, ಧ್ವನಿ ಒದ್ದೆಯಾಗಿರಲಿಲ್ಲ.

ಚಂದ್ರಕಾಂತ ತಲೆ ಕೆರೆದುಕೊಂಡ. “ಉಪೇಂದ್ರಗ ಏನಂತ ಹೇಳ್ಲಿ?”

“ಹಬ್ಬದ ಊಟಕ್ಕ ಬಾ ಅಂತ ಹೇಳು,” ಎಂದಳು ಸಾವಿತ್ರಿಬಾಯಿ. “ಹೋಳಿಗಿ ಅದಾವು.”

ಅಮರೇಶಪ್ಪನೇ ಪಾನಾ ಇಸಿದುಕೊಂಡ. ಮೊದಲು ಕಪ್ಪು ವಾಯರಿನದು ಬಿಚ್ಚಬೇಕು, ಆಮೇಲೆ ಕೆಂಪಿನದು, ಹಾಕುವಾಗ ಕಪ್ಪಿನದು ಕಡೆಗೆ, ಎಂದು ಸಪ್ನಾ ಹೇಳಿದಂತೆ ಬಿಚ್ಚಿದ. ಬಳೆಗಳೊಳಗೆ ವಿಭೂತಿ ಸುಣ್ಣದ ಗಾರೆಯ ಹಾಗೆ ಕೂತಿತ್ತು. ಒಣ ಬಟ್ಟೆಯಲ್ಲಿ ಅದನ್ನು ಒರೆಸಿ ತೆಗೆದ. ತೆಗೆದವನು, ವಿಭೂತಿ ಕೈಗೆ ಬಂದರೆ ಹಣೆಗೆ ಹೋಗುವುದೇ ರೂಢಿಯಾದ್ದರಿಂದ, ಬೆರಳನ್ನು ಹಣೆಗೆ ಒಯ್ದ. ಸಪ್ನಾ ಗಪ್ಪನೆ ಅವನ ಮುಂಗೈ ಹಿಡಿದಳು.

“ಬ್ಯಾಡ್ರಿ ಮಾವಾರ. ಅದರಾಗ ಆಸಿಡ್ ಇರತೈತಿ. ಕೈಯೂ ತೊಳ್ಕೋರಿ.”

“ಬಿಡಬೇಕಿತ್ತವ್ವ,” ಎಂದಳು ಸಾವಿತ್ರಿಬಾಯಿ. “ಹಣಿ ಸುಟ್ಟಿದ್ರ ಅದಕ್ಕೂ ಒಂದು ಅರ್ಥ ಹುಡಕತಿದ್ರು.”

ಈ ಸಲ ಅಮರೇಶಪ್ಪನೂ ನಕ್ಕ. ಕೈ ತೊಳೆದು ಬಂದ. ಅಷ್ಟರಲ್ಲಿ ಸಪ್ನಾ ಪಾಲಿಶ್ ಪೇಪರಿನಿಂದ ಗೂಟಗಳನ್ನೂ ಬಳೆಗಳ ಒಳಮೈಯನ್ನೂ ಉಜ್ಜಿ ಹೊಳೆಯಿಸಿದ್ದಳು. ಬಳೆಗಳನ್ನು ತೊಡಿಸಿ, ಮೈಭಾರ ಹಾಕಿ ಬಿಗಿದಳು. ಹಿಡಿದು ಅಲುಗಿಸಿದಳು. ಅಲುಗಲಿಲ್ಲ.

“ಸೀಸಕ್ಕ ಸೀಸಾ ಹತ್ತಿ ಕೂತ್ರ ಕರೆಂಟಿಗೆ ರಾಜಬೀದಿ,” ಎಂದಳು. “ನಡುವ ಏನೂ ಇರಬಾರದ್ರಿ.”

“ವಿಭೂತಿ?” ಎಂದು ಕೇಳಿದ ಅಮರೇಶಪ್ಪ. ಕೇಳುವುದರಲ್ಲಿ ಒಂದಿಷ್ಟು ಸಂಕೋಚವಿತ್ತು.

“ಮುಚ್ಚಳದ ಮ್ಯಾಲ ಹಚ್ಚರಿ. ಬೇಕಾದಷ್ಟು ಹಚ್ಚರಿ.”

ಅವನು ಮುಚ್ಚಳದ ಮೇಲೆ ಮೂರು ಗೆರೆ ಎಳೆದ. ಸಾವಿತ್ರಿಬಾಯಿ ಸೀಟಿನಿಂದ ಇಳಿದು ಕೀಲಿಯನ್ನು ಸೊಸೆಯ ಕೈಗಿಟ್ಟಳು. ಸಪ್ನಾ ಹತ್ತಿ ಕೂತು ತಿರುವಿದಳು.

ಕಟ್ ಎಂಬುದು ಈ ಸಲವೂ ಆಗಿರಬೇಕು; ಯಾರಿಗೂ ಕೇಳಿಸಲಿಲ್ಲ. ಅದರ ಬೆನ್ನಿಗೇ ಸೆಲ್ಫ್ ಗರಗರ ತಿರುಗಿತು, ಇಂಜಿನ್ ಒಂದು ಸಲ ಮೈ ಕೊಡವಿ ಎದ್ದಿತು. ರೊಟ್ಟಿ ಬುಟ್ಟಿಗಳು ಸಣ್ಣಗೆ ನಡುಗಿದವು. ಗಾಲಿಯ ಕೆಳಗೆ ನಿಂಬೆಹಣ್ಣು ಪಚ್ಚೆಂದಿತು. ಟೆಂಪೊ ಮುಂದೆ ಬಂತು. ಅಮರೇಶಪ್ಪ ರುಮಾಲು ಸರಿಮಾಡಿಕೊಂಡು ಪಕ್ಕದ ಸೀಟಿಗೆ ಹತ್ತಿದ. ಕೊಂಡಾಪುರದವರಿಗೆ ಬನ್ನಿ ಕೊಡಬೇಕಲ್ಲ ಎಂದು ಹೆಂಡತಿಗೆ ಹೇಳಿದ, ಅವಳು ಕೇಳದಿದ್ದರೂ.

ಓಣಿ ದಾಟುವಾಗ ಸಪ್ನಾ ಯಾರಿಗೂ ಬಯ್ಯಲಿಲ್ಲ, ಯಾರಿಂದಲೂ ಬಯ್ಯಿಸಿಕೊಳ್ಳಲಿಲ್ಲ. ಒಬ್ಬ ಹಮಾಲ ಕೈಗಾಡಿ ಅಡ್ಡ ಹಾಕಿದಾಗ ಅವಳು ತೆಲುಗಿನಲ್ಲಿ “ಅನ್ನಾ, ಕೊಂಚೆಂ ಪಕ್ಕಕಿ” ಎಂದಳು. ಅವನು ಸರಿದ, ಸರಿದಮೇಲೆ ಯಾರೆಂದು ನೋಡಿದ. ಅಬಿಡ್ಸ್ ಹತ್ತಿರ ಬಂದಾಗ ರಸ್ತೆ ಖಾಲಿಯಿತ್ತು. ಹಬ್ಬದ ದಿನ, ಆದರೆ ಸಿಗ್ನಲ್ಲಿಗೆ ಹಬ್ಬವಿಲ್ಲ. ಕೆಂಪು ದೀಪ ಬಿತ್ತು. ಸಪ್ನಾ ನಿಲ್ಲಿಸಿ, ಕೀಲಿ ತಿರುವಿ, ಇಂಜಿನ್ ಬಂದ್ ಮಾಡಿಬಿಟ್ಟಳು.

ಅಮರೇಶಪ್ಪ ಗಕ್ಕನೆ ಅವಳ ಕಡೆ ತಿರುಗಿದ. “ಬಂದ್ ಮಾಡಿದಿ?”

“ದೊಡ್ಡ ಸಿಗ್ನಲ್ ಐತ್ರಿ. ಸುಮ್ನ ಡೀಸೆಲ್ ಯಾಕ ಸುಡೋದು.”

ಹಳೆಯ ಪುಸ್ತಕದಂಗಡಿಗಳ ಮುಚ್ಚಿದ ಬಾಗಿಲುಗಳ ಮೇಲೆ ಬಿಸಿಲು ಬಿದ್ದಿತ್ತು. ಹಸಿರು ದೀಪ ಬಂದಾಗ ಸಪ್ನಾ ಕೀಲಿ ತಿರುವಿದಳು. ಟೆಂಪೊ ಎದ್ದಿತು. ಈಗ ಅಮರೇಶಪ್ಪ ಕಿವಿಗೊಟ್ಟು ಕೇಳಿದ್ದ. ಗರಗರ ಸದ್ದು ಶುರುವಾಗಿ, ಇಂಜಿನ್ ಹಿಡಿದುಕೊಂಡ ಕೂಡಲೇ ನಿಂತುಹೋಯಿತು.

“ಆ ಸಣ್ಣ ಹಲ್ಲಿನ ಗಾಲಿ,” ಎಂದ, “ಇಂಜಿನ್ ಎದ್ದಮ್ಯಾಲ ಏನ ಮಾಡತೈತಿ?”

“ಹಿಂದ ಸರೀತೈತ್ರಿ. ಕೀಲಿ ಬಿಟ್ಟ ಕೂಡ್ಲೆ ಒಂದು ಸ್ಪ್ರಿಂಗು ಅದನ್ನ ಎಳಕೊಂತೈತಿ.”

“ಸರೀದಿದ್ರ?”

“ಇಂಜಿನ್ನು ಅದಕ್ಕಿಂತ ಜೋರ ತಿರುಗತಿರತೈತಿ ಮಾವಾರ. ಅಡ್ಡ ನಿಂತ್ರ ಅದರ ಹಲ್ಲ ಮುರೀತಾವು, ಇಂಜಿನ್ನಿನ ಗಾಲಿಗೂ ಪೆಟ್ಟ ಆಗತೈತಿ.”

ಅಮರೇಶಪ್ಪ ತಲೆಯಾಡಿಸಿದ. ಮುಂದೆ ಎಡಗಡೆಯಿಂದ ಒಂದು ಆಟೊ ಸಿಗ್ನಲ್ ಕೊಡದೆ ಒಳ ನುಗ್ಗುತ್ತಿತ್ತು. ನಿಧಾನ, ಬಲಕ್ಕೆ ತಗೋ ಎಂಬ ಮಾತು ಅವನ ನಾಲಿಗೆಯ ತುದಿಯವರೆಗೆ ಬಂತು. ಅದನ್ನು ಅಲ್ಲೇ ನುಂಗಿ, ಮುಂದಿನ ಹಲಗೆಯನ್ನು ಬಿಗಿ ಹಿಡಿದಿದ್ದ ಕೈ ಬಿಟ್ಟ. ಮಡಿಲಲ್ಲಿದ್ದ ಬನ್ನಿ ಎಲೆಗಳು ಹಾರದಂತೆ ಅದೇ ಕೈಯನ್ನು ಅವುಗಳ ಮೇಲಿಟ್ಟು, ಕಿಟಕಿಯ ಹೊರಗೆ ಊರು ನೋಡುತ್ತ ಕೂತ. ಸಪ್ನಾ ಆಟೊಕ್ಕೆ ದಾರಿ ಬಿಟ್ಟು, ಬಲಕ್ಕೆ ಸರಿದು, ಗೇರ್ ಬದಲಿಸಿದಳು.